ಕೆಮ್ಮಿನ ಬಲಾಬಲ

ಊಟದ ನಡುವೆ ಒಬ್ಬರಿಗೆ ನೀರು ನೆತ್ತಿಗೇರಿದರೆ, ಪಕ್ಕದಲ್ಲಿ ಕುಳಿತ ಹಿರಿಯರು ಅವರ ತಲೆಯನ್ನು ಮೆಲ್ಲನೆ ತಟ್ಟಿ, ದೂರದಲ್ಲಿರುವ ಯಾರೋ ನೆನೆಸಿಕೊಂಡರೆಂದು ಹೇಳಿ ಸಮಾಧಾನಪಡಿಸುವ ರೂಢಿ ನಮ್ಮ ಮನೆಗಳಲ್ಲಿ ಇಂದಿಗೂ ಉಳಿದಿದೆ. ಆ ಕ್ಷಣದಲ್ಲಿ ಕೆಮ್ಮುವವನ ದೇಹದೊಳಗೆ ನಡೆಯುವ ವ್ಯಾಪಾರವು ಅವನ ಅಪ್ಪಣೆಯನ್ನು ಕೇಳುವುದಿಲ್ಲ. ಅನ್ನದ ಅಗುಳೋ ನೀರಿನ ಹನಿಯೋ ಗಂಟಲಗೂಡಿನ ಬಾಗಿಲನ್ನು ಮುಟ್ಟಿತೆಂಬ ಸುದ್ದಿ ಮಿದುಳಿನ ಬುಡವನ್ನು ಸೇರಿ, ಅಲ್ಲಿಂದ ಹೊರಟ ಆಜ್ಞೆಯು ಎದೆ ಹೊಟ್ಟೆಗಳ ಮಾಂಸಖಂಡಗಳನ್ನು ಬಿಗಿದು, ಏನಾಯಿತೆಂದು ಅವನು ಅರಿಯುವ ಮೊದಲೇ ಕೆಮ್ಮು ಹೊರಬಿದ್ದಿರುತ್ತದೆ. ಅದೇ ಮನುಷ್ಯನು ವೈದ್ಯರ ಎದುರು ಕುಳಿತು, ‘ಎಲ್ಲಿ, ಒಮ್ಮೆ ಜೋರಾಗಿ ಕೆಮ್ಮಿ’ ಎಂಬ ಮಾತನ್ನು ಕೇಳಿ, ಅರ್ಥಮಾಡಿಕೊಂಡು, ಉಸಿರೆಳೆದುಕೊಂಡು ಕೆಮ್ಮುವಾಗ, ಕಿವಿಗೆ ಬೀಳುವ ಸದ್ದು ಹೆಚ್ಚುಕಡಮೆ ಒಂದೇ ಆದರೂ, ಆ ಕೆಮ್ಮು ಹುಟ್ಟಿದ ಸ್ಥಳ ಬೇರೆ, ಅದು ಹಿಡಿದು ಬಂದ ದಾರಿ ಬೇರೆ, ಮಾಂಸಖಂಡಗಳು ಅದರಲ್ಲಿ ತೊಡಗುವ ಕ್ರಮವೂ ಬೇರೆ. ಮೊದಲನೆಯದನ್ನು ಪರಾವರ್ತಿತ ಕೆಮ್ಮೆಂದೂ ಎರಡನೆಯದನ್ನು ಐಚ್ಛಿಕ ಕೆಮ್ಮೆಂದೂ ಕರೆಯಬಹುದು. ಈ ಎರಡರ ಬಲವನ್ನು ಅಳೆಯುವ ವಿದ್ಯೆ ಹೇಗೆ ಬೆಳೆಯಿತು, ಒಂದರ ಅಳತೆಯನ್ನು ಇನ್ನೊಂದರ ಅಳತೆಯೆಂದು ಭಾವಿಸುವುದರಿಂದ ರೋಗಿಗೆ ಯಾವ ವಿಪತ್ತು ಒದಗಬಹುದು ಎಂಬುದನ್ನು ವಿವರಿಸುವುದು ಈ ಅಧ್ಯಾಯದ ಉದ್ದೇಶ.

ನಮ್ಮ ಪ್ರಾಚೀನ ವೈದ್ಯರು ಕೆಮ್ಮನ್ನು ಅಲಕ್ಷಿಸಿದವರಲ್ಲ. ಚರಕಸಂಹಿತೆಯು ಕಾಸವನ್ನು ವಾತ, ಪಿತ್ತ, ಕಫಗಳಿಂದ ಹುಟ್ಟಿದ್ದು, ಕ್ಷತದಿಂದ ಹುಟ್ಟಿದ್ದು, ಕ್ಷಯದಿಂದ ಹುಟ್ಟಿದ್ದು ಎಂದು ಐದು ಬಗೆಯಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಚಿಕಿತ್ಸೆಯನ್ನು ಹೇಳುತ್ತದೆ. ಅಲ್ಲಿ ಕೆಮ್ಮು ಶಮನಗೊಳಿಸಬೇಕಾದ ವ್ಯಾಧಿ. ನಾವಿಲ್ಲಿ ಪರಿಶೀಲಿಸುವುದು ಅದರ ಇನ್ನೊಂದು ಮುಖವನ್ನು: ಶ್ವಾಸಮಾರ್ಗವನ್ನು ಹೊರಗಿನ ವಸ್ತುಗಳಿಂದಲೂ ಒಳಗೆ ಕೂಡುವ ಕಫದಿಂದಲೂ ಮುಕ್ತವಾಗಿರಿಸುವ ರಕ್ಷಣಾಕಾರ್ಯವನ್ನು. ಕೆಮ್ಮು ಹೆಚ್ಚಾದಾಗ ಮನೆಯವರೆಲ್ಲರೂ ಗಮನಿಸುತ್ತಾರೆ. ಅದು ಕುಗ್ಗಿದಾಗ ಯಾರೂ ಗಮನಿಸುವುದಿಲ್ಲ, ಆದರೆ ಪ್ರಾಣಕ್ಕೆ ಹೆಚ್ಚಿನ ಅಪಾಯವಿರುವುದು ಬಹುಮಟ್ಟಿಗೆ ಈ ಎರಡನೆಯ ಸ್ಥಿತಿಯಲ್ಲಿಯೇ.

ಪೂರ್ಣವಾದ ಒಂದು ಕೆಮ್ಮಿನಲ್ಲಿ ಮೂರು ಘಟ್ಟಗಳುಂಟು. ಮೊದಲು ವಪೆಯು ಕೆಳಗಿಳಿದು, ಎದೆಗೂಡು ಹಿಗ್ಗಿ, ಶ್ವಾಸಕೋಶಗಳು ಗಾಳಿಯನ್ನು ತುಂಬಿಕೊಳ್ಳುತ್ತವೆ. ಬಳಿಕ ಧ್ವನಿತಂತುಗಳು ಒಂದನ್ನೊಂದು ಕೂಡಿ ಗಂಟಲಕಿಂಡಿಯನ್ನು ಭದ್ರವಾಗಿ ಮುಚ್ಚುತ್ತವೆ. ಹಾಗೆ ಮುಚ್ಚಿರುವ ಸುಮಾರು 0.2 ಸೆಕೆಂಡಿನ ಅವಧಿಯಲ್ಲಿ ಹೊಟ್ಟೆಯ ಮತ್ತು ಪಕ್ಕೆಲುಬುಗಳ ನಡುವಣ ಮಾಂಸಖಂಡಗಳು ಬಲವಾಗಿ ಸಂಕುಚಿಸಿ, ಒಳಗೆ ಸೆರೆಸಿಕ್ಕ ಗಾಳಿಯನ್ನು ಒತ್ತಿಹಿಡಿಯುತ್ತವೆ. ತೀವ್ರವಾದ ಕೆಮ್ಮಿನಲ್ಲಿ ಎದೆಯೊಳಗಿನ ಈ ಒತ್ತಡವು ಪಾದರಸದ 300 ಮಿಲಿಮೀಟರುಗಳವರೆಗೂ ಏರಬಲ್ಲದು. ಆರೋಗ್ಯವಂತನ ಅಪಧಮನಿಗಳಲ್ಲಿ ಹೃದಯ ಸಂಕುಚಿಸಿದ ಹೊತ್ತಿನ ರಕ್ತದೊತ್ತಡವೂ 120ರ ಆಸುಪಾಸಿನಲ್ಲಿರುವುದೆಂಬುದನ್ನು ನೆನೆದರೆ, ಬಹುಕಾಲ ಕೆಮ್ಮಿದವರಿಗೆ ಕಣ್ಣು ಕತ್ತಲೆಗಟ್ಟುವುದೂ ಒಮ್ಮೊಮ್ಮೆ ಪಕ್ಕೆಲುಬು ಬಿರುಕುಬಿಡುವುದೂ ಏಕೆಂಬುದು ತಿಳಿಯುತ್ತದೆ. ಮೂರನೆಯ ಘಟ್ಟದಲ್ಲಿ ಗಂಟಲಕಿಂಡಿ ಫಕ್ಕನೆ ತೆರೆದುಕೊಂಡು, ಒತ್ತಿಟ್ಟ ಗಾಳಿ ಹೊರಕ್ಕೆ ನುಗ್ಗುತ್ತದೆ. ಸೆಕೆಂಡಿನ ಹತ್ತನೆಯ ಒಂದು ಭಾಗ ಕಳೆಯುವುದರೊಳಗೆ ಪ್ರವಾಹವು ತನ್ನ ಪರಾಕಾಷ್ಠೆಯನ್ನು ಮುಟ್ಟಿ, ಆಮೇಲೆ ಇಳಿಯತೊಡಗುತ್ತದೆ. ಆರೋಗ್ಯವಂತರಾದ ವಯಸ್ಕರಲ್ಲಿ ಈ ಗರಿಷ್ಠ ಪ್ರವಾಹವು ಸಾಮಾನ್ಯವಾಗಿ ನಿಮಿಷಕ್ಕೆ 360 ಲೀಟರುಗಳಿಗೆ ಮೇಲ್ಪಟ್ಟಿದ್ದು, ಬಲಿಷ್ಠರಲ್ಲಿ ಅದರ ಎರಡರಷ್ಟನ್ನೂ ಮೀರುವುದುಂಟು. ಎದೆಯೊಳಗಿನ ಗಾಳಿಯೇ ನಾಲ್ಕಾರು ಲೀಟರುಗಳಾಗಿರುವಾಗ ಇಷ್ಟು ದೊಡ್ಡ ಸಂಖ್ಯೆ ಎಲ್ಲಿಂದ ಬಂದಿತೆಂದು ಓದುಗರು ಶಂಕಿಸಬೇಕಾಗಿಲ್ಲ. ಶಿಖರಕ್ಷಣದ ವೇಗವು ನಿಮಿಷ ಪೂರ್ತಿ ಹಾಗೆಯೇ ನಡೆದಿದ್ದರೆ ಎಷ್ಟು ಗಾಳಿ ಹೊರಹೋಗುತ್ತಿತ್ತೋ ಅದರ ಲೆಕ್ಕ ಇದು.

ಗಾಳಿ ಹೊರಡುವಾಗ ನಡೆಯುವ ಇನ್ನೊಂದು ಸಂಗತಿ ನನಗೆ ಶರೀರರಚನೆಯ ಸೊಗಸುಗಳಲ್ಲಿ ಒಂದಾಗಿ ತೋರುತ್ತದೆ. ಶ್ವಾಸನಾಳವನ್ನು ತೆರೆದು ನಿಲ್ಲಿಸಿರುವ ಮೃದ್ವಸ್ಥಿಯ ಬಳೆಗಳು ಹಿಂಬದಿಯಲ್ಲಿ ಕೂಡಿಕೊಂಡಿರುವುದಿಲ್ಲ. ಅಲ್ಲಿರುವುದು ಮೆತ್ತನೆಯ ಪೊರೆ. ಕೆಮ್ಮಿನ ಹೊತ್ತಿನಲ್ಲಿ ಎದೆಯೊಳಗಿನ ಒತ್ತಡವು ನಾಳದೊಳಗಿನ ಒತ್ತಡಕ್ಕಿಂತ ಮಿಗಿಲಾಗುವುದರಿಂದ, ಆ ಪೊರೆ ಒಳಕ್ಕೆ ಬಾಗಿ ನಾಳದ ಕಂಡಿಯನ್ನು ಬಹಳ ಕಿರಿದುಮಾಡುತ್ತದೆ. ತೋಟಕ್ಕೆ ನೀರು ಹಾಯಿಸುವವನು ಕೊಳವೆಯ ಬಾಯನ್ನು ಹೆಬ್ಬೆರಳಿನಿಂದ ಒತ್ತಿ ನೀರನ್ನು ದೂರ ಚಿಮ್ಮಿಸುವಂತೆ, ಈ ಕಿರಿದಾಗುವಿಕೆಯಿಂದ ಗಾಳಿಯ ವೇಗ ಹಲವು ಪಟ್ಟು ಹೆಚ್ಚಿ, ನಾಳದ ಗೋಡೆಗೆ ಅಂಟಿಕೊಂಡ ಕಫವು ಕಿತ್ತು ಮೇಲಕ್ಕೆ ಬರುತ್ತದೆ. ಆದಕಾರಣ ಕೆಮ್ಮಿನ ಬಲವೆಂದರೆ ಯಾವುದು ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಮಾಂಸಖಂಡಗಳು ಹುಟ್ಟಿಸಿದ ಒತ್ತಡವೂ ಬಲವೇ. ಬಾಯಿಂದ ಹೊರಟ ಪ್ರವಾಹದ ಪ್ರಮಾಣವೂ ಬಲವೇ. ಆ ಪ್ರವಾಹ ಎಷ್ಟು ಬೇಗ ಶಿಖರಕ್ಕೆ ಏರಿತೆಂಬ ತ್ವರೆಯೂ ಬಲವೇ. ಒತ್ತಡ ಬೇಕಾದಷ್ಟಿದ್ದರೂ ಧ್ವನಿತಂತುಗಳು ಸರಿಯಾಗಿ ಮುಚ್ಚದಿದ್ದರೆ ಪ್ರವಾಹವು ಮಂದವಾಗಿ ಏರುತ್ತದೆ. ಶ್ವಾಸನಾಳಗಳು ರೋಗದಿಂದ ಕಿರಿದಾಗಿದ್ದರೆ ಬಲಿಷ್ಠವಾದ ಹೊಟ್ಟೆಯ ಮಾಂಸಖಂಡಗಳೂ ನಿಷ್ಫಲವಾಗುತ್ತವೆ.

ಉಸಿರನ್ನು ಅಳೆಯುವ ಕಾರ್ಯಕ್ಕೆ ಶಾಸ್ತ್ರೀಯವಾದ ತಳಹದಿಯನ್ನು ಹಾಕಿದವನು ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್‌ಸನ್. ನೀರಿನ ತೊಟ್ಟಿಯಲ್ಲಿ ಬೋರಲಾಗಿ ತೇಲುವ ಗಂಟೆಯಾಕಾರದ ಪಾತ್ರೆಯೊಳಕ್ಕೆ ಎರಡು ಸಾವಿರಕ್ಕೂ ಮಿಕ್ಕ ಜನರಿಂದ ಉಸಿರು ಬಿಡಿಸಿ, ಶ್ವಾಸಕೋಶಗಳ ಧಾರಣಶಕ್ತಿಯ ಮೇಲೆ ಅವನು 1846ರಲ್ಲಿ ಪ್ರಕಟಿಸಿದ ಪ್ರಬಂಧವು ಇಂದಿನ ಸ್ಪೈರೋಮೀಟರಿನ ಮೂಲ. ಆದರೆ ಕ್ಷಣಾರ್ಧದಲ್ಲಿ ಏರಿ ಇಳಿಯುವ ಪ್ರವಾಹವನ್ನು ಹಿಡಿಯಲು ಆ ಭಾರವಾದ ಗಂಟೆಗೆ ಸಾಧ್ಯವಿರಲಿಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಫ್ಲೈಷ್ 1925ರಲ್ಲಿ ವರ್ಣಿಸಿದ ನ್ಯೂಮೋಟ್ಯಾಕೊಗ್ರಾಫ್ ಈ ಕೊರತೆಯನ್ನು ನೀಗಿಸಿತು. ಗಾಳಿಯ ದಾರಿಯಲ್ಲಿ ಅಲ್ಪವಾದ ಒಂದು ತಡೆಯನ್ನಿಟ್ಟು, ಅದರ ಎರಡು ಬದಿಗಳ ಒತ್ತಡಗಳಿಗಿರುವ ಅಂತರವನ್ನು ಕ್ಷಣಕ್ಷಣಕ್ಕೂ ದಾಖಲಿಸಿದರೆ, ಆ ಅಂತರವು ಪ್ರವಾಹಕ್ಕೆ ಅನುಪಾತದಲ್ಲಿರುತ್ತದೆ. ಹೀಗೆ ಕೆಮ್ಮಿನ ಇಡೀ ಚರಿತ್ರೆಯನ್ನು, ಎಳೆದ ಉಸಿರೆಷ್ಟು, ಗಂಟಲು ಮುಚ್ಚಿದ್ದೆಷ್ಟು ಹೊತ್ತು, ಏರಿದ ವೇಗವೆಷ್ಟು ಎಂಬುದೆಲ್ಲವನ್ನು, ಒಂದು ವಕ್ರರೇಖೆಯಲ್ಲಿ ಓದಬಹುದಾಯಿತು.

ಅದು ಪ್ರಯೋಗಶಾಲೆಯ ಯಂತ್ರ. ರೋಗಿಯ ಹಾಸಿಗೆಯ ಬಳಿಗೆ ಒಯ್ಯತಕ್ಕ ಸಾಧನವನ್ನು ಬ್ರಿಟನ್ನಿನ ಮಾರ್ಟಿನ್ ರೈಟ್ ಎಂಬವರು ಮೆಕ್‌ಕೆರೋ ಎಂಬ ಸಹೋದ್ಯೋಗಿಯೊಡನೆ 1959ರಲ್ಲಿ ಪ್ರಕಟಿಸಿದರು. ವೇಲ್ಸ್‌ನ ಕಲ್ಲಿದ್ದಲ ಗಣಿಗಳ ಕಾರ್ಮಿಕರ ಶ್ವಾಸಕೋಶಗಳನ್ನು ಕುರಿತು ಕೆಲಸಮಾಡಿದ್ದ ರೈಟ್ ಮುಂದೆ ಮದ್ಯಪಾನಿಗಳ ಉಸಿರನ್ನು ಪರೀಕ್ಷಿಸುವ ಉಪಕರಣವನ್ನೂ, ಮರಣಶಯ್ಯೆಯಲ್ಲಿರುವವರಿಗೆ ನೋವಿನ ಔಷಧವನ್ನು ಹನಿಹನಿಯಾಗಿ ಊಡುವ ಸಿರಿಂಜ್ ಯಂತ್ರವನ್ನೂ ರೂಪಿಸಿದ ಮಹಾಶಯ. ಅವರ ಪೀಕ್ ಫ್ಲೋ ಮೀಟರು ಎಪ್ಪತ್ತರ ದಶಕದಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಕೊಳವೆಯಾಗಿ ಇಳಿದು, ಇಂದು ಉಬ್ಬಸದ ರೋಗಿಗಳ ಮನೆಗಳಲ್ಲಿ ಸಾಮಾನ್ಯ ವಸ್ತುವಾಗಿದೆ. ಅದರೊಳಕ್ಕೆ ಊದುವ ಬದಲು ಕೆಮ್ಮಿದರೆ, ಸೂಚಿ ನಿಂತ ಗೀಟು ಕೆಮ್ಮಿನ ಗರಿಷ್ಠ ಪ್ರವಾಹವನ್ನು ಹೇಳುತ್ತದೆ. ಏರಿದ ಬಗೆಯನ್ನೂ ಇಳಿದ ಬಗೆಯನ್ನೂ ಅದು ಹೇಳಲಾರದು. ಆದರೆ ಅದು ಹೇಳುವ ಒಂದೇ ಸಂಖ್ಯೆಯಿಂದ ಅನೇಕ ಜೀವಗಳು ಉಳಿದಿವೆ.

ಆ ಸಂಖ್ಯೆಗೆ ಅರ್ಥವನ್ನು ತಂದುಕೊಟ್ಟವರಲ್ಲಿ ಅಮೆರಿಕದ ನ್ಯೂಜೆರ್ಸಿಯ ವೈದ್ಯ ಜಾನ್ ಬಾಕ್ ಪ್ರಮುಖರು. ಮಾಂಸಖಂಡಗಳು ಕ್ರಮೇಣ ಕ್ಷೀಣಿಸುವ ಡುಶೆನ್ ಮುಂತಾದ ವ್ಯಾಧಿಗಳಿಂದ ನರಳುವವರನ್ನು ದೀರ್ಘಕಾಲ ನೋಡಿಕೊಂಡ ಅವರೂ ಅವರ ಸಂಗಡಿಗರೂ, ಕೆಮ್ಮಿನ ಪ್ರವಾಹವು, ಪಕ್ಕದವರ ನೆರವಿನಿಂದಲಾದರೂ ಸರಿಯೆ, ನಿಮಿಷಕ್ಕೆ 160 ಲೀಟರುಗಳನ್ನು ಮುಟ್ಟದ ರೋಗಿಗಳಲ್ಲಿ ಕೃತಕ ಉಸಿರಾಟಕ್ಕಾಗಿ ಹಾಕಿದ ಗಂಟಲ ಕೊಳವೆಯನ್ನು ತೆಗೆಯುವ ಪ್ರಯತ್ನ ವಿಫಲವಾಗುವುದೆಂದು 1996ರಲ್ಲಿ ತೋರಿಸಿದರು. ಮರುವರ್ಷದ ಬರಹದಲ್ಲಿ 270 ಎಂಬ ಎರಡನೆಯ ಎಲ್ಲೆ ಕಾಣಿಸಿತು. ಆರೋಗ್ಯವಾಗಿರುವಾಗ 270ಕ್ಕಿಂತ ಕೆಳಗಿರುವವನಿಗೆ ಒಂದು ಸಾಧಾರಣ ನೆಗಡಿ ಬಂದರೂ, ಆ ನೆಗಡಿಯಿಂದಲೇ ಮಾಂಸಖಂಡಗಳು ಇನ್ನಷ್ಟು ಸೋತು, ಕಫ ಹೆಚ್ಚಿದ ಹೊತ್ತಿನಲ್ಲಿಯೇ ಕೆಮ್ಮು 160ರ ಕೆಳಕ್ಕೆ ಜಾರುವ ಭಯವುಂಟು. ಅಂಥವರ ಹೊಟ್ಟೆಯನ್ನು ಕೆಮ್ಮಿನ ಕ್ಷಣಕ್ಕೆ ಸರಿಯಾಗಿ ಒತ್ತಿ ನೆರವಾಗುವ ಕ್ರಮವನ್ನು ಮನೆಯವರಿಗೆ ಕಲಿಸಬಹುದು. ಗಾಳಿಯನ್ನು ಒಳಕ್ಕೆ ತುಂಬಿ ಮರುಕ್ಷಣದಲ್ಲಿ ಹೊರಕ್ಕೆ ಸೆಳೆದು ಕೃತಕವಾಗಿ ಕೆಮ್ಮಿಸುವ ಯಂತ್ರವನ್ನೂ ಬಳಸಬಹುದು. ಈ ಯಂತ್ರದ ಕಲ್ಪನೆ ಪೋಲಿಯೋ ಪಿಡುಗಿನ ಕಾಲದ್ದು. ಅದನ್ನು ಬೆಳೆಸಿದವರಲ್ಲಿ ನ್ಯೂಯಾರ್ಕಿನ ಆಲ್ವನ್ ಬರಾಕ್ ಒಬ್ಬರು, ಇವರ ಹೆಸರು ಮುಂದೆ ಇನ್ನೊಂದು ಸಂದರ್ಭದಲ್ಲಿ ಬರಲಿದೆ.

ಪ್ರವಾಹವನ್ನು ಬಿಟ್ಟು ಒತ್ತಡವನ್ನೇ ಅಳೆಯಬೇಕೆಂಬವರು, ತುದಿಯಲ್ಲಿ ಪುಟ್ಟ ಬಲೂನುಳ್ಳ ತೆಳುವಾದ ನಳಿಕೆಯನ್ನು ಮೂಗಿನ ಮೂಲಕ ಜಠರಕ್ಕೆ ಇಳಿಸಿ, ಕೆಮ್ಮಿದಾಗ ಹೊಟ್ಟೆಯೊಳಗಿನ ಒತ್ತಡ ಎಷ್ಟು ಏರಿತೆಂದು ನೋಡುತ್ತಾರೆ. ಮುಚ್ಚಿದ ಕೊಳವೆಯೊಳಕ್ಕೆ ಬಾಯಿಂದ ಬಲವಾಗಿ ಊದಿಸಿ ಅಳೆಯುವ ಹಳೆಯ ಪದ್ಧತಿಗಿಂತ ಇದು ಕಷ್ಟದ್ದಾದರೂ ಹೆಚ್ಚು ನಂಬತಕ್ಕದ್ದು. ಮುಖದ ಮಾಂಸಖಂಡಗಳು ಸೋತು ತುಟಿಗಳನ್ನು ಬಿಗಿಹಿಡಿಯಲಾರದವನೂ, ಊದುವ ತಂತ್ರವನ್ನು ಗ್ರಹಿಸಲಾರದವನೂ, ಹುಟ್ಟಿದಂದಿನಿಂದ ಬಂದ ಕೆಮ್ಮನ್ನು ಸಹಜವಾಗಿ ಕೆಮ್ಮುತ್ತಾರೆ. ಊದುವ ಪರೀಕ್ಷೆಯಲ್ಲಿ ದುರ್ಬಲರೆಂದು ತೋರಿದವರಲ್ಲಿ ಅನೇಕರು ಕೆಮ್ಮಿನ ಒತ್ತಡದಲ್ಲಿ ಸ್ವಸ್ಥರೆಂದು ತಿಳಿದುಬಂದ ವಿಷಯವನ್ನು ಲಂಡನ್ನಿನ ಸಂಶೋಧಕರು 2003ರಲ್ಲಿ ವರದಿಮಾಡಿದರು.

ಇಷ್ಟಾದರೂ ಈ ಎಲ್ಲ ಪರೀಕ್ಷೆಗಳ ತಳದಲ್ಲಿ ಒಂದು ಪೂರ್ವಕಲ್ಪನೆ ಅಡಗಿದೆ. ರೋಗಿಯು ಮಾತನ್ನು ಕೇಳಿ, ತಿಳಿದು, ಮನಸ್ಸುಮಾಡಿ ಕೆಮ್ಮಬೇಕು. ಪಾರ್ಶ್ವವಾಯು ಬಡಿದು ಮಾತಿನ ಗ್ರಹಣಶಕ್ತಿಯೇ ಹೋದವನಿಗೆ ‘ಕೆಮ್ಮಿ’ ಎಂದರೆ ಆತನು ಸುಮ್ಮನೆ ನೋಡುತ್ತಾನೆ. ಗ್ರಹಿಸಿದರೂ ಉದ್ದೇಶಪಟ್ಟ ಚಲನೆಯನ್ನು ಜೋಡಿಸಲಾರದ ಮತ್ತೊಬ್ಬನು ಬಾಯಿ ತೆರೆದು ನಿಲ್ಲುತ್ತಾನೆ. ಶಸ್ತ್ರಚಿಕಿತ್ಸೆಯಾದ ಹೊಟ್ಟೆಯ ಗಾಯ ನೋಯುವುದೆಂದು ಹೆದರಿದವನು ಅರೆಮನಸ್ಸಿನಿಂದ ಕೆಮ್ಮುತ್ತಾನೆ. ಇವರಲ್ಲಿ ಅಳೆಯಲ್ಪಟ್ಟದ್ದು ಸ್ನಾಯುಬಲದೊಡನೆ ಬುದ್ಧಿಯೂ ಸಂಕಲ್ಪವೂ ಸೇರಿದ ಮಿಶ್ರಣ. ಆದರೆ ರಾತ್ರಿ ಮಲಗಿದ್ದಾಗ ಜೊಲ್ಲು ಶ್ವಾಸನಾಳಕ್ಕೆ ಇಳಿದರೆ, ಗಂಜಿಯ ಒಂದು ಗುಟುಕು ದಾರಿತಪ್ಪಿದರೆ, ಅಲ್ಲಿ ಅಪ್ಪಣೆ ಕೊಡುವವರು ಯಾರೂ ಇಲ್ಲ. ಆಗ ಬರಬೇಕಾದ ಕೆಮ್ಮು ಪರಾವರ್ತಿತ ಕೆಮ್ಮು. ಅದರ ಬಲವನ್ನು ಅಳೆಯದೆ ಶ್ವಾಸಮಾರ್ಗ ಸುರಕ್ಷಿತವೆಂದು ಹೇಳುವುದು ಅರ್ಧ ಸಾಕ್ಷ್ಯದ ಮೇಲೆ ಕೊಟ್ಟ ತೀರ್ಪು.

ಪರಾವರ್ತಿತ ಕೆಮ್ಮಿನ ಮೊದಲ ಕೊಂಡಿ ಗಂಟಲಗೂಡಿನಲ್ಲಿಯೂ ಶ್ವಾಸನಾಳದಲ್ಲಿಯೂ ದೊಡ್ಡ ಕವಲುಗಳಲ್ಲಿಯೂ ಹರಡಿರುವ ಸೂಕ್ಷ್ಮ ನರತುದಿಗಳು. ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಇವುಗಳ ಗುಣವನ್ನು ವಿಶದಪಡಿಸಿದ ಜಾನ್ ವಿಡಿಕೂಂಬ್ ಅವರ ಲೇಖನಗಳು 1954ರಲ್ಲಿ ಪ್ರಕಟವಾದುವು. ಈ ತುದಿಗಳಿಂದ ಹೊರಟ ಸುದ್ದಿಯನ್ನು ಮಿದುಳಕಾಂಡಕ್ಕೆ ಮುಟ್ಟಿಸುವುದು ವೇಗಸ್ ಎಂಬ ದೀರ್ಘಸಂಚಾರಿಯಾದ ನರ. ಅದರ ಒಂದು ಎಳೆ ಕಿವಿಯ ಕಾಲುವೆಗೂ ಹೋಗುವುದರಿಂದ, ಕಿವಿಯನ್ನು ಶುಚಿಮಾಡಿಕೊಳ್ಳುವಾಗ ಕೆಲವರಿಗೆ ತಟಕ್ಕನೆ ಕೆಮ್ಮು ಬರುವುದುಂಟು. ಗಂಟಲಲ್ಲಿ ಯಾವ ಕೆರೆತವೂ ಇಲ್ಲದ ಆ ಕೆಮ್ಮು ನರಮಾರ್ಗದ ವಿಶೇಷವೇ ಹೊರತು ರೋಗವಲ್ಲ. ಹೃದಯವನ್ನೂ ಶ್ವಾಸಕೋಶಗಳನ್ನೂ ಒಟ್ಟಾಗಿ ಬದಲಿಸಿಕೊಂಡ ರೋಗಿಗಳಲ್ಲಿ ಕಸಿಯ ಗೆರೆಯಿಂದ ಕೆಳಗಿನ ನರಗಳು ಕತ್ತರಿಸಿಹೋಗಿರುತ್ತವೆ. ಅಂಥವರಿಗೆ ಸೂಕ್ಷ್ಮವಾದ ನೀರಿನ ಮಂಜನ್ನು ಉಸಿರಾಡಲು ಕೊಟ್ಟಾಗ ಕೆಮ್ಮು ಬಹಳವಾಗಿ ಕುಗ್ಗಿರುವುದನ್ನು 1989ರಲ್ಲಿ ಬ್ರಿಟನ್ನಿನ ಸಂಶೋಧಕರು ಕಂಡರು. ಕೇಳಿದರೆ ಅವರು ಕೆಮ್ಮಬಲ್ಲರು. ಎರಡು ಕೆಮ್ಮುಗಳ ಭೇದವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನ ಅಪರೂಪ.

ಈ ಕೆಮ್ಮನ್ನು ಪರೀಕ್ಷೆಗಾಗಿ ಎಬ್ಬಿಸುವ ದ್ರವ್ಯಗಳು ನಮ್ಮ ಅಡಿಗೆಮನೆಗೆ ಅಪರಿಚಿತವಾದುವಲ್ಲ. ನಿಂಬೆಯ ಹುಳಿಗೆ ಕಾರಣವಾದ ಸಿಟ್ರಿಕ್ ಆಮ್ಲದ ಮಂಜನ್ನು ಉಸಿರಾಡಿಸಿ ಮನುಷ್ಯರಲ್ಲಿ ಕೆಮ್ಮನ್ನು ಹುಟ್ಟಿಸುವ ವಿಧಾನವನ್ನು ಬಿಕರ್‌ಮನ್ ಎಂಬವರು, ಮೇಲೆ ಹೇಳಿದ ಬರಾಕ್ ಅವರೊಡನೆ, 1954ರಲ್ಲಿ ಪ್ರಕಟಿಸಿದರು. ಹುಣಸೆಹಣ್ಣಿನ ಹುಳಿಯ ಸಾರವಾದ ಟಾರ್ಟಾರಿಕ್ ಆಮ್ಲವನ್ನು ಫ್ಲಾರಿಡದ ವೈದ್ಯ ಆ್ಯಡಿಂಗ್‌ಟನ್ ಅವರೂ ಅವರ ಸಹೋದ್ಯೋಗಿಗಳೂ ಪಾರ್ಶ್ವವಾಯು ಪೀಡಿತರಲ್ಲಿ ಬಳಸಿ, 1999ರಲ್ಲಿ ತಮ್ಮ ಅನುಭವವನ್ನು ವರದಿಮಾಡಿದರು. ಒಗ್ಗರಣೆಗೆ ಬಿದ್ದ ಮೆಣಸಿನಕಾಯಿ ಸೀದು ಘಾಟೆದ್ದಾಗ ಮನೆಮಂದಿಯನ್ನೆಲ್ಲ ಕೆಮ್ಮಿಸುವ ಕ್ಯಾಪ್ಸೈಸಿನ್ 1984ರಿಂದೀಚೆಗೆ ಈ ಪರೀಕ್ಷೆಗಳ ಮುಖ್ಯ ದ್ರವ್ಯವಾಯಿತು. ನರತುದಿಗಳಲ್ಲಿ ಅದನ್ನು ಗುರುತಿಸುವ ಟಿಆರ್‌ಪಿವಿ1 ಎಂಬ ಪ್ರೋಟೀನನ್ನು 1997ರಲ್ಲಿ ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ, ಆರ್ಡೆಮ್ ಪಟಪೂಷನ್ ಅವರೊಡನೆ, 2021ರ ನೊಬೆಲ್ ಪಾರಿತೋಷಕ ಸಂದಿತು. ದ್ರವವನ್ನು ಮಂಜಾಗಿಸುವ ನೆಬ್ಯುಲೈಜರಿನಿಂದ ಮೊದಲು ಅತ್ಯಲ್ಪ ಪ್ರಮಾಣವನ್ನು ಕೊಟ್ಟು, ಮೆಟ್ಟಿಲುಮೆಟ್ಟಿಲಾಗಿ ಏರಿಸುತ್ತ, ಎರಡು ಸಲ ಕೆಮ್ಮಿಸಿದ ಪ್ರಮಾಣ ಯಾವುದು, ಐದು ಸಲ ಕೆಮ್ಮಿಸಿದ್ದು ಯಾವುದು ಎಂದು ಗುರುತಿಸುವುದು ರೂಢಿಯ ಕ್ರಮ. ಯೂರೋಪಿನ ಶ್ವಾಸವೈದ್ಯರ ಸಂಘವು 2007ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ವಿವರಿಸುತ್ತದೆ. ಪುರುಷರಿಗಿಂತ ಸ್ತ್ರೀಯರು ಕಡಮೆ ಪ್ರಮಾಣಕ್ಕೇ ಕೆಮ್ಮುತ್ತಾರೆಂಬುದು ಈ ಮಾರ್ಗದಿಂದ ತಿಳಿದುಬಂದ ಸಂಗತಿಗಳಲ್ಲೊಂದು.

ಆದರೆ ಇಲ್ಲಿ ಒಂದು ವಿಷಯವನ್ನು ಎಚ್ಚರದಿಂದ ಬೇರ್ಪಡಿಸಿಕೊಳ್ಳಬೇಕು. ಎಷ್ಟು ಅಲ್ಪವಾದ ಉದ್ರೇಕಕ್ಕೆ ಕೆಮ್ಮು ಬಂದಿತೆಂಬುದು ಸಂವೇದನೆಯ ಅಳತೆ. ಬಂದ ಕೆಮ್ಮು ಎಷ್ಟು ಬಲವಾಗಿತ್ತೆಂಬುದು ಪ್ರತ್ಯೇಕವಾದ ಪ್ರಶ್ನೆ. ಹನಿ ಆಮ್ಲಕ್ಕೂ ಕೆಮ್ಮುವವನ ಕೆಮ್ಮು ಕಫವನ್ನು ಕದಲಿಸಲಾರದಷ್ಟು ಕ್ಷೀಣವಾಗಿರಬಹುದು. ಬಲಿಷ್ಠವಾಗಿ ಕೆಮ್ಮಬಲ್ಲವನ ನರತುದಿಗಳು ಮಂಕಾಗಿ, ಕೆಮ್ಮಬೇಕಾದ ಹೊತ್ತಿನಲ್ಲಿ ಅವನು ಕೆಮ್ಮದೆಯೇ ಇರಬಹುದು. ಬಹುಕಾಲ ಪರಾವರ್ತಿತ ಕೆಮ್ಮಿನ ಅಧ್ಯಯನವೆಂದರೆ ಎಣಿಕೆ, ಐಚ್ಛಿಕ ಕೆಮ್ಮಿನ ಅಧ್ಯಯನವೆಂದರೆ ಬಲದ ಅಳತೆ, ಎಂಬಂತಾಗಿ ಈ ಎರಡು ವಿಚಾರಗಳು ಪ್ರತ್ಯೇಕ ದಾರಿಗಳಲ್ಲಿ ಸಾಗಿದುವು. ಅವನ್ನು ಕೂಡಿಸಲು, ಮುಖಕ್ಕೆ ಬಿಗಿಯಾಗಿ ಕೂರುವ ಮುಖವಾಡಕ್ಕೆ ಒಂದು ಕಡೆ ನೆಬ್ಯುಲೈಜರನ್ನೂ ಇನ್ನೊಂದು ಕಡೆ ನ್ಯೂಮೋಟ್ಯಾಕೊಗ್ರಾಫನ್ನೂ ಜೋಡಿಸಿ, ಮಂಜನ್ನು ಉಸಿರಾಡಿದವನು ತಡೆಯಲಾರದೆ ಕೆಮ್ಮಿದಾಗ ಅದರ ಪ್ರವಾಹವನ್ನು ದಾಖಲಿಸಬೇಕಾಯಿತು.

ಉಪಕರಣ ಸಿದ್ಧವಾದರೂ ವ್ಯಾಖ್ಯಾನ ಸುಲಭವಾಗಲಿಲ್ಲ. ಅಪ್ಪಣೆಯ ಮೇರೆಗೆ ಕೆಮ್ಮುವವನು ಎದೆತುಂಬ ಉಸಿರೆಳೆದುಕೊಳ್ಳುತ್ತಾನೆ; ಉದ್ರೇಕಕ್ಕೆ ಸಿಕ್ಕಿದವನಿಗೆ ಆ ವಿರಾಮವಿಲ್ಲ, ಇದ್ದಷ್ಟು ಗಾಳಿಯಿಂದಲೇ ಅವನು ಕೆಮ್ಮಬೇಕು, ಒಂದರ ಹಿಂದೊಂದು ಕೆಮ್ಮು ಬಂದಂತೆಲ್ಲ ಎದೆಯ ಗಾಳಿ ಇನ್ನೂ ಕಡಮೆಯಾಗುತ್ತದೆ. ಕಡಮೆ ಗಾಳಿಯಿಂದ ಹೊರಟ ಕೆಮ್ಮಿನ ಶಿಖರವೂ ತಗ್ಗಿನದೇ. ಹೀಗಿರುವುದರಿಂದ ಸ್ವಸ್ಥರಲ್ಲಿಯೂ ಪರಾವರ್ತಿತ ಕೆಮ್ಮಿನ ಗರಿಷ್ಠ ಪ್ರವಾಹವು ಐಚ್ಛಿಕ ಕೆಮ್ಮಿನದಕ್ಕಿಂತ ಸಾಮಾನ್ಯವಾಗಿ ಕಡಮೆ. ಇದನ್ನು ಪ್ರಕೃತಿಯ ಕೊರತೆಯೆಂದು ತಿಳಿಯಲಾಗದು. ಸ್ಲೊವಾಕಿಯದ ಕೊರ್ಪಾಶ್ ಮತ್ತು ತೊಮೋರಿ ಎಂಬ ವಿದ್ವಾಂಸರು ಶ್ವಾಸಮಾರ್ಗದ ಪರಾವರ್ತಿತ ಕ್ರಿಯೆಗಳ ಮೇಲೆ 1979ರಲ್ಲಿ ಹೊರತಂದ ಗ್ರಂಥದಲ್ಲಿ, ಉಸಿರನ್ನು ಒಳಕ್ಕೆ ಎಳೆಯದೆಯೇ ಹೊರಕ್ಕೆ ತಳ್ಳುವ ನಿಶ್ವಾಸ ಪ್ರತಿಕ್ರಿಯೆಯನ್ನು ನಿಜವಾದ ಕೆಮ್ಮಿನಿಂದ ಪ್ರತ್ಯೇಕಿಸಿದ್ದಾರೆ. ಧ್ವನಿತಂತುಗಳನ್ನು ಅಗುಳು ಮುಟ್ಟಿದಾಗ ಮೊದಲು ದೀರ್ಘವಾಗಿ ಉಸಿರೆಳೆದುಕೊಂಡರೆ ಅಗುಳೂ ಉಸಿರಿನೊಡನೆ ಕೆಳಕ್ಕೆ ಇಳಿದೀತು. ಆದ್ದರಿಂದ ಅಲ್ಲಿ ತಕ್ಷಣ ಹೊರತಳ್ಳುವುದೇ ಕ್ಷೇಮ. ಆಳದ ಕವಲುಗಳಲ್ಲಿ ಕಫ ಕೂಡಿದಾಗಲಾದರೋ ಎದೆತುಂಬ ಗಾಳಿ ಬೇಕು. ಪೀಕ್ ಫ್ಲೋ ಮೀಟರಿನ ಗೀಟನ್ನು ಮಾತ್ರ ನೋಡುವವನಿಗೆ ಈ ವಿವೇಕ ಕಾಣಿಸುವುದಿಲ್ಲ.

ಮಾಂಸಖಂಡಗಳ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಐಚ್ಛಿಕ ಕೆಮ್ಮಿನಲ್ಲಿ ಮಾಂಸಖಂಡಗಳ ಗುಂಪುಗಳು ಒಂದಾದ ಮೇಲೊಂದರಂತೆ ತೊಡಗಿದರೆ, ಪರಾವರ್ತಿತ ಕೆಮ್ಮಿನಲ್ಲಿ ಅವು ಏಕಕಾಲದಲ್ಲೆಂಬಂತೆ, ಮತ್ತು ಕಡಮೆ ಹೊತ್ತು, ಕೆಲಸಮಾಡುತ್ತವೆಂದು ತೋರಿಸಿತು. ಎರಡಕ್ಕೂ ಮಿದುಳಿನಲ್ಲಿ ಬೇರೆ ಬೇರೆ ಮೂಲಗಳಿರುವುದರಿಂದ, ಒಂದು ಕೆಟ್ಟು ಇನ್ನೊಂದು ಉಳಿಯುವುದು ಸಾಧ್ಯ. ಮಿದುಳಿನ ಮೇಲ್ಪದರಕ್ಕೆ ರಕ್ತ ಒದಗಿಸುವ ಮಧ್ಯಧಮನಿ ಅಡಚಿದ ರೋಗಿಗಳು ಹೇಳಿದಾಗ ಕೆಮ್ಮಲಾರದೆ ಹೋದರೂ ಟಾರ್ಟಾರಿಕ್ ಆಮ್ಲಕ್ಕೆ ಕೆಮ್ಮುವರೆಂದು ಫ್ಲಾರಿಡದ ತಂಡ 2003ರಲ್ಲಿ ಬರೆಯಿತು. ಇದರಿಂದ, ಮೇಲಿನ ಮಿದುಳಿಗೆ ಪೆಟ್ಟಾದರೂ ಕೆಳಗಿನ ಕಾವಲು ಅಭೇದ್ಯವೆಂಬ ಭರವಸೆ ಹುಟ್ಟುವಂತಿತ್ತು. ಆದರೆ ಕೆಮ್ಮು ಬಂದಿತೋ ಇಲ್ಲವೋ ಎಂದು ನೋಡುವುದಕ್ಕೂ ಬಂದ ಕೆಮ್ಮನ್ನು ಅಳೆಯುವುದಕ್ಕೂ ಇರುವ ಅಂತರ ಇಲ್ಲಿಯೇ ಪ್ರಕಟವಾಗುತ್ತದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ವೈದ್ಯರೂ ಅವರ ಜತೆಗಾರರೂ ಇಂಥ ರೋಗಿಗಳ ಎರಡು ಬಗೆಯ ಕೆಮ್ಮುಗಳ ಬಲವನ್ನೂ ಅಳೆದು, ಸ್ವಸ್ಥರೊಡನೆ ಹೋಲಿಸಿದಾಗ ಐಚ್ಛಿಕ ಕೆಮ್ಮಿನೊಡನೆ ಪರಾವರ್ತಿತ ಕೆಮ್ಮೂ ಕುಗ್ಗಿರುತ್ತದೆಂದು 2010ರಲ್ಲಿ ಪ್ರಕಟಿಸಿದರು. ಪಾರ್ಕಿನ್‌ಸನ್ ಕಾಯಿಲೆಯಲ್ಲಿಯೂ ಕೆಮ್ಮಿನ ಚಾಲನೆ ಕುಂಠಿತವಾಗಿರುವುದನ್ನು ಇಟಲಿಯ ಫ್ಲಾರೆನ್ಸಿನ ಫೊಂಟಾನ ಮುಂತಾದವರು 1998ರಲ್ಲಿಯೇ ತೋರಿಸಿದ್ದರು.

ಎರಡು ಕೆಮ್ಮುಗಳ ನಡುವೆ ದಾಟಲಾಗದ ಗೋಡೆಯಿದೆಯೆಂದು ಇದರಿಂದ ಭಾವಿಸಬಾರದು. ಸಭೆಯಲ್ಲಿ ಕುಳಿತವರು ಗಂಟಲ ಕೆರೆತವನ್ನು ಭಾಷಣ ಮುಗಿಯುವವರೆಗೆ ತಡೆದುಕೊಳ್ಳುವುದು ಎಲ್ಲರಿಗೂ ಗೊತ್ತು; ಕ್ಯಾಪ್ಸೈಸಿನ್ನಿನಿಂದ ಬಂದ ಕೆಮ್ಮನ್ನು ಕೂಡ ಸ್ವಸ್ಥರು ಸಂಕಲ್ಪದಿಂದ ಹತ್ತಿಕ್ಕಬಲ್ಲರೆಂದು ಕಾರ್ಡಿಫಿನ ಪ್ರಯೋಗಗಳು 1993ರಲ್ಲಿ ತೋರಿಸಿದುವು. ಕೆಮ್ಮಬೇಕೆಂಬ ತುಡಿತ ಮೊದಲು ಅರಿವಿಗೆ ಬಂದು, ಅದನ್ನು ಬಿಡುವುದೋ ಬಿಗಿಹಿಡಿಯುವುದೋ ಎಂಬ ತೀರ್ಮಾನ ಆಮೇಲೆ ನಡೆಯುವ ಸಂದರ್ಭಗಳು ದಿನನಿತ್ಯದ ಬಾಳಿನಲ್ಲಿ ಎಷ್ಟೋ ಉಂಟು. ನಿದ್ರೆಯಲ್ಲಿ ಪರಾವರ್ತಿತ ಕೆಮ್ಮೂ ಮಂಕಾಗುತ್ತದೆ. ಆದ್ದರಿಂದ ಪರೀಕ್ಷೆಗೆ ಒಳಗಾಗುವವನಿಗೆ ‘ಕೆಮ್ಮು ಬಂದರೆ ತಡೆಯಬೇಡಿ’ ಎಂದು ಹೇಳಿದರೊಂದು ಫಲ, ‘ಸಾಧ್ಯವಾದಷ್ಟು ತಡೆದುಕೊಳ್ಳಿ’ ಎಂದರೆ ಇನ್ನೊಂದು ಫಲ. ಯಾವ ಸೂಚನೆಯನ್ನು ಕೊಟ್ಟರೆಂಬುದನ್ನು ಬರೆದಿಡದ ಅಳತೆಗೆ ಬೆಲೆ ಕಡಮೆ.

ದೊಡ್ಡ ಯಂತ್ರಗಳಿಲ್ಲದೆಯೂ ವಿವೇಚನೆಯಿಂದ ನಡೆಯುವ ಪರೀಕ್ಷೆಗಳಿವೆ. ತೀವ್ರನಿಗಾ ಘಟಕದಲ್ಲಿ ಕೃತಕ ಉಸಿರಾಟದ ಕೊಳವೆಯನ್ನು ತೆಗೆಯುವ ಮುನ್ನ, ಅದರ ಬಾಯಿಂದ ಒಂದೆರಡು ಸೆಂಟಿಮೀಟರು ದೂರದಲ್ಲಿ ಬಿಳಿಯ ಕಾರ್ಡೊಂದನ್ನು ಹಿಡಿದು ರೋಗಿಯನ್ನು ಮೂರುನಾಲ್ಕು ಸಲ ಕೆಮ್ಮಿಸುತ್ತಾರೆ. ಕಾರ್ಡು ಒದ್ದೆಯಾದರೆ ಕೆಮ್ಮಿಗೆ ಕಫವನ್ನು ಹೊರದಬ್ಬುವ ಶಕ್ತಿಯುಂಟು, ಒಣಗಿದ್ದರೆ ಕೊಳವೆಯನ್ನು ಮತ್ತೆ ಹಾಕಬೇಕಾಗುವ ಸಂಭವ ಹೆಚ್ಚು. 2001ರಲ್ಲಿ ವರದಿಯಾದ ಈ ಉಪಾಯವನ್ನು ಅನುಸರಿಸಿ ಬಂದ ಅಧ್ಯಯನಗಳು, ಕೊಳವೆಯ ಮೂಲಕ ಅಳೆದ ಪ್ರವಾಹ ನಿಮಿಷಕ್ಕೆ 60 ಲೀಟರುಗಳಿಗಿಂತ ಕಡಮೆಯಿದ್ದವರಲ್ಲಿ ವೈಫಲ್ಯ ಹೆಚ್ಚೆಂದು ಸೂಚಿಸಿದುವು. ಇಲ್ಲಿನ 60ನ್ನು ಹಿಂದೆ ಹೇಳಿದ 160ರೊಡನೆ ಹೋಲಿಸಬಾರದು. ಕೊಳವೆಯು ಧ್ವನಿತಂತುಗಳ ನಡುವೆ ಹಾದುಹೋಗಿರುವುದರಿಂದ ಗಂಟಲಕಿಂಡಿ ಮುಚ್ಚುವಂತೆಯೇ ಇಲ್ಲ, ಕೆಮ್ಮಿನ ಎರಡನೆಯ ಘಟ್ಟವೇ ಅಲ್ಲಿ ಲೋಪವಾಗಿರುತ್ತದೆ.

ಈ ಅಳತೆಗಳೆಲ್ಲ ನಮಗೆ ಅತ್ಯಂತ ಬೇಕಾಗುವುದು ವೃದ್ಧರ ವಿಷಯದಲ್ಲಿ. ಉಂಡದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯವಾದ ವೃದ್ಧರಲ್ಲಿ ಕೆಮ್ಮಿನ ಪ್ರತಿಕ್ರಿಯೆ ಉಡುಗಿರುತ್ತದೆಂದು ಜಪಾನಿನ ಸೆಕಿಜಾವ ಮತ್ತು ಸಂಗಡಿಗರು 1990ರಲ್ಲಿ ತಿಳಿಸಿದರು. ರಕ್ತದೊತ್ತಡಕ್ಕೆ ಕೊಡುವ ಒಂದು ಜಾತಿಯ ಮಾತ್ರೆಗಳು ಕೆಲವರಲ್ಲಿ ಒಣಕೆಮ್ಮನ್ನು ತರುವುದು ವೈದ್ಯರಿಗೆ ಪರಿಚಿತವಾದ ತೊಡಕು. ಆ ತೊಡಕನ್ನೇ ಉಪಕಾರವಾಗಿ ತಿರುಗಿಸಿ, ಉಡುಗಿದ ಪ್ರತಿಕ್ರಿಯೆಯನ್ನು ಎಬ್ಬಿಸಲು ಅವೇ ಮಾತ್ರೆಗಳನ್ನು ಅಲ್ಲಿನವರು ಪ್ರಯೋಗಿಸಿ ನೋಡಿದ್ದು ಮೆಚ್ಚತಕ್ಕ ಯೋಚನೆ. ಬಲ ಕುಗ್ಗಿದವರಿಗೆ, ತಡೆಯುಳ್ಳ ಪುಟ್ಟ ಉಪಕರಣದೊಳಕ್ಕೆ ನಿತ್ಯವೂ ಊದಿಸಿ ನಿಶ್ವಾಸದ ಮಾಂಸಖಂಡಗಳನ್ನು ಬೆಳೆಸುವ ಅಭ್ಯಾಸವಿದೆ. ಪಾರ್ಕಿನ್‌ಸನ್ ರೋಗಿಗಳಲ್ಲಿ ಅದರಿಂದ ಪ್ರಯೋಜನ ಕಂಡುಬಂದಿದೆ. ಯಾರಿಗೆ ಸಂವೇದನೆ ಮಂಕಾಗಿದೆ, ಯಾರಿಗೆ ಬಲ ಕುಗ್ಗಿದೆ ಎಂಬುದು ಗೊತ್ತಾಗದೆ ಇವುಗಳಲ್ಲಿ ಯಾವುದನ್ನು ಯಾರಿಗೆ ವಿಧಿಸಬೇಕೆಂಬುದೂ ಗೊತ್ತಾಗುವುದಿಲ್ಲ.

ನಮ್ಮ ಮನೆಗಳಲ್ಲಿ ಲಕ್ವ ಹೊಡೆದ ಹಿರಿಯರಿಗೆ ಚಮಚದಿಂದ ಗಂಜಿ ಕುಡಿಸುವವರು ಸಾಮಾನ್ಯವಾಗಿ ಮಗಳು, ಸೊಸೆ, ಹೆಂಡತಿ. ಕುಡಿಸುವಾಗ ಕೆಮ್ಮು ಬರಲಿಲ್ಲವೆಂದರೆ ಅವರು ನೆಮ್ಮದಿಯಿಂದ ಮುಂದಿನ ಚಮಚವನ್ನು ಎತ್ತುತ್ತಾರೆ. ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಕೆಮ್ಮಿಲ್ಲದಿರುವುದನ್ನು ಕ್ಷೇಮದ ಗುರುತೆಂದು ನಂಬಬೇಡಿ. ನುಂಗಿದ ಬಳಿಕ ದನಿ ನೀರು ತುಂಬಿದಂತೆ ಒದ್ದೆಯಾಗಿ ಕೇಳಿಸಿದರೆ, ಊಟವಾದ ಮೇಲೆ ಉಸಿರು ಗೊರಗುಟ್ಟಿದರೆ, ಕಾರಣ ತಿಳಿಯದ ಜ್ವರ ಮತ್ತೆಮತ್ತೆ ಬಂದರೆ, ಉಣಿಸುವುದನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಿ. ರೋಗಿಯು ಹೇಳಿದಾಗ ಕೆಮ್ಮಿದನೆಂಬ ಒಂದೇ ಆಧಾರದ ಮೇಲೆ ಬಾಯಿಂದ ಆಹಾರ ಕೊಡಲು ಒಪ್ಪಿಗೆ ದೊರೆತರೆ, ನುಂಗುವ ಶಕ್ತಿಯನ್ನೂ ತಾನಾಗಿ ಬರುವ ಕೆಮ್ಮನ್ನೂ ಪರೀಕ್ಷಿಸಿದ್ದೀರಾ ಎಂದು ಸಂಕೋಚವಿಲ್ಲದೆ ಕೇಳಿ.